ಸಾಲಿನ ಮೊದಲ ಖಾಲಿ ಜಾಗ

ಮಫ್ಲರು ಕುರ್ಚಿಯ ಬೆನ್ನಿನ ಮೇಲೇ ಇದೆ, ಮನುಷ್ಯ ಇಲ್ಲ, ಎ.ಸಿ. ಗಾಳಿಗೆ ಅದರ ಒಂದು ತುದಿ ಅಲ್ಲಾಡುತ್ತಿದೆ — ಅವನು, ಅಲ್ಲ, ಅವರು, ವಯಸ್ಸಿಗಾದರೂ ಮರ್ಯಾದೆ ಕೊಡಬೇಕಲ್ಲ, ಐವತ್ತೆರಡಂತೆ, ಗಾಜಿನ ಕ್ಯಾಬಿನ್ನಿನೊಳಗೆ ಸರ್ ಎದುರು ಮೊಣಕಾಲಿನ ಮೇಲೆ ಕೈಯಿಟ್ಟು ಕೂತಿದ್ದಾರೆ, ಸರ್ ತುಟಿ ಆಡುತ್ತಿದೆ, ಮಾತು ಕೇಳಿಸುತ್ತಿಲ್ಲ, ಕೇಳಿಸುವುದೇನು ಬೇಕು, ಬೆಳಿಗ್ಗೆ ಆ ಮಾತನ್ನು ಸರ್ ಕಿವಿಗೆ ಹಾಕಿದವಳು ಇಲ್ಲಿ ಕೂತು ನೋಡುತ್ತಿರುವ ಅವಳೇ. ಸರ್, ನಾನು ಯಾರ ಮೇಲೂ ಹೇಳ್ತಿಲ್ಲ, ಆದ್ರೆ ಗುರುತು ಉಳಿಯದ ಹಾಗೆ ಅಳಿಸೋ ಉಪಾಯ ಈ ಆಫೀಸಲ್ಲಿ ಗೊತ್ತಿರೋದು ಇಬ್ರಿಗೇ. ಇನ್ನೊಬ್ಬರು ಯಾರು ಎಂದು ಸರ್ ಕೇಳಲಿಲ್ಲ, ಹನ್ನೊಂದು ವರ್ಷ ವೆಬ್‌ಸೈಟ್ ಕಟ್ಟಿದವಳ ಮಾತು, ಕೇಳುವುದಕ್ಕೇನಿದೆ. ಆಮೇಲೆ ಎಲ್ಲರನ್ನೂ ಕೂರಿಸಿ, ಇದು ಯಾರ ಕೆಲಸ ಅಂತ ಅವರವರಿಗೇ ಗೊತ್ತಿರುತ್ತೆ ಎಂದು ಸರ್ ಅಂದಾಗ ಮಫ್ಲರಿನವರ ಕೈ ಹೆಗಲಿಗೆ ಹೋಯಿತು, ಮಫ್ಲರು ಸರಿ ಮಾಡಿಕೊಂಡರಂತೆ, ಸರಿ ಮಾಡಿಕೊಳ್ಳಲು ಅದೇ ಗಳಿಗೆ ಬೇಕಿತ್ತೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಅವಳ ಎಡಹೆಗಲೂ ಗುರುವಾರದಿಂದ ಹಿಡಿದುಕೊಂಡಿದೆ, ದಿಂಬು ಬದಲಾಯಿಸಬೇಕು.

ಹೋದ ಗುರುವಾರ, ನಾಲ್ಕು ಗಂಟೆ ಹತ್ತು ನಿಮಿಷ, ಗ್ರಂಥಾಲಯದ ವೆಬ್‌ಸೈಟಿನ, ಜನ ನೋಡುವ ಲೈವ್ ಸರ್ವರಿನಿಂದ ಫೋಟೊಗಳ ಫೋಲ್ಡರು ಮಾಯವಾಯಿತು, ಹರಿದುಹೋಗುತ್ತಿದ್ದ ಹಳೆಯ ಪುಸ್ತಕಗಳು, ಎರಡು ತಿಂಗಳು ಯಾರೋ ಪುಣ್ಯಾತ್ಮರು ಒಂದೊಂದೇ ಪುಟ ತಿರುವಿ ತೆಗೆದ ಫೋಟೊಗಳು, ಬ್ಯಾಕಪ್ಪು ಅದಕ್ಕೂ ಹಿಂದಿನದು. ಎಲ್ಲರಿಗೂ ಸೇರಿ ಸರ್ವರಿಗೆ ಒಂದೇ ಲಾಗಿನ್ನು, ಯಾರು ಏನು ಕಮಾಂಡ್ ಕೊಟ್ಟರೂ ಸಾಲಾಗಿ ಹಿಸ್ಟರಿ ಎಂಬ ದಾಖಲೆಯಲ್ಲಿ ಬೀಳಬೇಕು, ನಾಲ್ಕು ಎರಡಕ್ಕೆ ಅವರದೊಂದು ಸಾಲು ಇದೆ, ನಾಲ್ಕು ಹತ್ತೊಂಬತ್ತಕ್ಕೆ ಅವರದೇ ಇನ್ನೊಂದು, ನಡುವೆ ಏನೂ ಇಲ್ಲ. ಬೆಂಕಿ ಬಿದ್ದಿದೆ, ಹೊಗೆ ಇಲ್ಲ. ಆ ಹೊತ್ತಿಗೆ ಸರ್ವರಿನೊಳಗೆ ಇದ್ದವರು ಇಬ್ಬರೇ, ಒಬ್ಬರು ಅವರು, ಇನ್ನೊಬ್ಬಳು ತಾನು, ತಾನು ಹೇಗೂ ಲೆಕ್ಕಕ್ಕಿಲ್ಲ, ತಾನು ಆಗ ಪರದೆಯ ಇನ್ನೊಂದು ಕಿಟಕಿಯಲ್ಲಿ, ಪ್ರಯೋಗಕ್ಕಿಟ್ಟ ಟೆಸ್ಟ್ ಸರ್ವರಿನ ಕಸ ಗುಡಿಸುತ್ತಿದ್ದಳು, ಅಮ್ಮನ ಫೋನು ಬೇರೆ. ಕಮಾಂಡಿನ ಮುಂದೆ ಒಂದು ಖಾಲಿ ಜಾಗ ಬಿಟ್ಟರೆ ಅದು ಹಿಸ್ಟರಿಯಲ್ಲಿ ಬೀಳುವುದಿಲ್ಲ, ಪಾಸ್‌ವರ್ಡ್ ಇರುವ ಸಾಲಿಗೆ ಮಾತ್ರ ಬಳಸು — ಇದು ಅವಳ ನೋಟ್ಸಿನ ಮೂವತ್ತೊಂದನೆಯ ಸೂಚನೆ, ಹನ್ನೊಂದು ವರ್ಷದ ನೋಟ್ಸು, ಒಂದೊಂದು ಸೂಚನೆಯ ಹಿಂದೆ ಒಂದೊಂದು ಬೈಗುಳ ತಿಂದ ಕಥೆ ಇದೆ, ಮೊದಲನೆಯದು, ಅಳಿಸುವ ಮುಂಚೆ ಯಾವ ಸರ್ವರಿನಲ್ಲಿ ನಿಂತಿದ್ದೀಯ ಎಂದು ಕಂಪ್ಯೂಟರನ್ನು ಕೇಳು. ಯಾರಿಗೂ ತೋರಿಸಿರಲಿಲ್ಲ. ಹೋದ ತಿಂಗಳು ಇವರು ಬಂದು ನಿಂತರು, ಮೇಡಂ, ತಪ್ಪು ತಿಳ್ಕೋಬೇಡಿ, ಪ್ರೆಸ್ ಮುಚ್ಚಿದ ಮೇಲೆ ಈ ವಯಸ್ಸಲ್ಲಿ ಹೊಸ ಕೆಲಸ ಕಲೀತಿದ್ದೀನಿ, ನಿಮ್ಮ ನೋಟ್ಸ್ ಒಂದ್ಸಲ ನೋಡ್ಬಹುದಾ. ಮೂವತ್ತು ವರ್ಷ ಕರಡು ತಿದ್ದಿದ ಕಣ್ಣು, ಕೆಂಪು ಪೆನ್ನು ಜೇಬಿನಲ್ಲಿ, ಕಾಪಿ ಮಾಡಿಕೊಳ್ಳಿ ಎಂದರೆ ಬೇಡ, ಬರೆದರೇ ತಲೆಗೆ ಹೋಗೋದು ಎಂದು ನೂರು ಪುಟದ ಪುಸ್ತಕಕ್ಕೆ ಕೈಯಲ್ಲಿ ಇಳಿಸಿಕೊಂಡರು, ಅಷ್ಟು ವಿನಯ ಯಾಕೆ, ಅಷ್ಟು ಶ್ರದ್ಧೆ ಯಾಕೆ, ಮೆತ್ತಗೆ ಮಾತಾಡುವವರನ್ನು ಅವಳು ಎಂದೂ ನಂಬಿದವಳಲ್ಲ. ಈ ಶುಕ್ರವಾರಕ್ಕೆ ಅವರ ಮೂರು ತಿಂಗಳ ಪರೀಕ್ಷಾ ಅವಧಿ ಮುಗಿಯುತ್ತದೆ. ಮುಗಿಯಲಿ. ಪಾಪ ಅನ್ನಿಸುತ್ತದೆ, ಆದರೂ ಮುಗಿಯಲಿ.

ಸರ್ ಸಾಕ್ಷಿ ಕೇಳಿದರೆ ತೋರಿಸಲು ಏನಾದರೊಂದು ಬೇಕು, ಅವರ ಸಾಲುಗಳನ್ನೇ ತೋರಿಸೋಣ, ಅವಳು ಹಿಸ್ಟರಿ ತೆರೆಯುತ್ತಾಳೆ — ಒಂದೇ ಫೋಲ್ಡರನ್ನು ನಾಲ್ಕು ಸಲ ತಪ್ಪಾಗಿ ಕರೆದದ್ದು, ಐದನೆಯ ಸಲ ಸರಿ, ಯಾವ ಸರ್ವರು ಎಂದು ಕೇಳಿದ್ದು, ಮತ್ತೆ ಕೇಳಿದ್ದು, ಅಬ್ಬಬ್ಬಾ ಪ್ರತಿ ಹೆಜ್ಜೆಗೂ ಕೇಳಿದ್ದಾರೆ, ತಡವರಿಸಿದ್ದೆಲ್ಲ ಬಿದ್ದಿದೆ, ಮುಚ್ಚಿಡಲು ಬಂದವರು ತಮ್ಮ ಪೆದ್ದುತನವನ್ನೇ ಮೊದಲು ಮುಚ್ಚಿಡುವುದಿಲ್ಲವೇ. ಇರಲಿ, ಅದೂ ನಾಟಕವಿರಬಹುದು. ಫೈಲುಗಳ ಪಟ್ಟಿ ತೆಗೆಯಲು ನೋಟ್ಸಿನಿಂದ ಒಂದು ಸಾಲು ಎತ್ತಿ ಟರ್ಮಿನಲ್ಲಿನ ಕಪ್ಪು ಕಿಟಕಿಗೆ ಪೇಸ್ಟ್ ಮಾಡುತ್ತಾಳೆ, ಎಂಟರ್, ಪಟ್ಟಿ ಬಂತು, ಅದನ್ನೇ ಹಿಸ್ಟರಿಯಿಂದ ಮತ್ತೊಮ್ಮೆ ಕರೆಯಲು ಮೇಲಿನ ಬಾಣ ಒತ್ತುತ್ತಾಳೆ, ಬರುವುದಿಲ್ಲ. ಬೇರೆ ಏನೋ ಹಳೆಯದು ಬರುತ್ತದೆ. ಇನ್ನೊಮ್ಮೆ ಪೇಸ್ಟ್, ಇನ್ನೊಮ್ಮೆ ಬಾಣ, ಇಲ್ಲ. ಕೀಬೋರ್ಡು ಕೆಟ್ಟಿತೇ, ಇವರೇನಾದರೂ ಕೈಯಾಡಿಸಿದ್ದಾರೆಯೇ — ಪೇಸ್ಟ್ ಮಾಡಿದ ಸಾಲು ಅಂಚಿನಿಂದ ಒಂದು ಅಕ್ಷರದಷ್ಟು ಒಳಗೆ ನಿಂತಿದೆ. ಎಲ್ಲ ಸಾಲುಗಳೂ. ನೋಟ್ಸಿನಲ್ಲಿ ಸೂಚನೆ ಅಂಚಿಗೆ, ಅದರ ಕೆಳಗೆ ಕಮಾಂಡ್ ಒಂದು ಜಾಗ ಬಿಟ್ಟು ಒಳಗೆ, ಚೆಂದ ಕಾಣಲಿ ಎಂದು, ಮಾರ್ಜಿನ್ ಬಿಡೇ ಹುಡುಗಿ ಎನ್ನುತ್ತಿದ್ದ ಶಾಲೆಯ ಟೀಚರ ದನಿ, ಹೋದ ತಿಂಗಳು ಒಂದು ಭಾನುವಾರವೆಲ್ಲ ಕೂತು ಅವಳೇ ಓರಣ ಮಾಡಿದ್ದು, ಪ್ರೆಸ್ಸಿನವರು ನೋಡುತ್ತಾರೆ, ನಾಚಿಕೆಯಾಗಬಾರದು ಎಂದು. ಕೈಯಲ್ಲಿ ಬರೆದುಕೊಂಡವರ ಪುಸ್ತಕದಲ್ಲಿ ಆ ಖಾಲಿ ಜಾಗ ಎಲ್ಲಿಂದ ಬರಬೇಕು.

ಇಲ್ಲ, ಗುರುವಾರ ತಾನಿದ್ದದ್ದು ಟೆಸ್ಟ್ ಸರ್ವರಿನಲ್ಲಿ, ಅಲ್ಲಿಯ ಫೋಲ್ಡರನ್ನಲ್ಲವೇ ಅಳಿಸಿದ್ದು, ನೋಡಿದರಾಯಿತು, ನೋಡುತ್ತಾಳೆ, ಗುರುವಾರ ಗುಡಿಸಿ ಹಾಕಿದ ಫೋಲ್ಡರು ಅಲ್ಲೇ ಇದೆ, ಲೈವ್ ಸರ್ವರಿನಲ್ಲಿ ಮಾಯವಾದದ್ದರದೇ ಹೆಸರು, ಕಸದ ಸಮೇತ, ಒಂದು ಕಡ್ಡಿಯೂ ಅಲ್ಲಾಡಿಲ್ಲ. ಆವತ್ತು ಎರಡು ಕಪ್ಪು ಕಿಟಕಿಗಳು ಒಂದರ ಮೇಲೊಂದು, ಎಡಹೆಗಲು ಮತ್ತು ಕಿವಿಯ ನಡುವೆ ಫೋನು, ಅಮ್ಮ, ಡಾಕ್ಟ್ರು ಎರಡೂ ಮಂಡಿ ಆಪರೇಷನ್ ಅಂತಾರೆ ಕಣೇ, ನಿನ್ನ ಅಕ್ಕ ಒಂದೇ ಸಾಕು ಅಂತಾಳೆ, ಕೇಳಿಸ್ತಾ ಇದೆಯೇನೇ, ಹೂಂ ಅಮ್ಮ, ಬರೀ ಹೂಂ ಅಂದ್ರೆ ಸಾಕಾ, ಹೂಂ — ಪೇಸ್ಟ್, ಎಂಟರ್. ಯಾವ ಸರ್ವರು ಎಂದು ಕೇಳಲಿಲ್ಲ. ಹೆಗಲಿಗೆ ಹೋಗಿದ್ದ ಅವಳ ಕೈ ಅಲ್ಲೇ ನಿಂತಿದೆ, ಎದ್ದು ಹೋಗಿ ಹೇಳಬೇಕು, ಈಗಲೇ, ಬಾಗಿಲು ಮುಚ್ಚಿರುವಾಗಲೇ, ಅಥವಾ ಸುಮ್ಮನಿದ್ದರೆ, ಸುಮ್ಮನಿದ್ದರೆ ಯಾರಿಗೂ ಎಂದೂ ಗೊತ್ತಾಗುವುದಿಲ್ಲ, ಹಿಸ್ಟರಿಯಲ್ಲಿ ಇಲ್ಲವಲ್ಲ, ಇದೆಂಥ ಯೋಚನೆ ಬಂತು ತನಗೆ, ಏಳು, ಬಾಗಿಲು ತೆರೆಯಿತು, ಬಂದರು, ಕುರ್ಚಿಯ ಮೇಲಿನ ಮಫ್ಲರು ಎತ್ತಿಕೊಂಡು ನಾಲ್ಕಾಗಿ ಮಡಿಸುತ್ತಿದ್ದಾರೆ, ಕಣ್ಣು ಕೆಂಪಗಿದೆ, ಮೇಡಂ, ನಾನೇ ಒಪ್ಕೊಂಡ್ಬಿಟ್ಟೆ, ಯಾವಾಗ ಏನು ಒತ್ತಿದ್ನೋ ನೆನಪಿಗೇ ಬರ್ತಿಲ್ಲ, ಆದ್ರೆ ನೀವು ಹೇಳಿದ್ರಿ ಅಂದ್ರು ಸರ್, ನೀವು ಸುಮ್ನೆ ಹೇಳೋರಲ್ವಲ್ಲ. ನೂರು ಪುಟದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾರೆ, ಅವಳು ಅರ್ಧ ಎದ್ದಿದ್ದಾಳೆ — ಪರದೆಯ ಮೇಲೆ ಅಂಚಿನಿಂದ ಒಂದು ಅಕ್ಷರ ಒಳಗೆ ಸಾಲು ನಿಂತಿದೆ, ಅದರ ಮುಂದೆ ಆ ಜಾಗ, ಖಾಲಿ, ಅವಳೇ ಬಿಟ್ಟದ್ದು,