ಗಂಟೆಗಳು ಒಟ್ಟಿಗೆ ನಿಂತಾಗ

ಮಧ್ಯಾಹ್ನದ ಊಟ ಮುಗಿಸಿ ಮನೆಯವರು ಒರಗುವ ಹೊತ್ತಿಗೆ ಸರಿಯಾಗಿ, ಹಿತ್ತಲ ಹುಲ್ಲುಗಾವಲಿನಲ್ಲಿ ಕುರಿಗಳ ಕೊರಳಗಂಟೆಗಳೆಲ್ಲ ಒಟ್ಟಿಗೆ ನಿಂತುಹೋಗುತ್ತಿದ್ದವು. ಆಮೇಲೆ ಒಮ್ಮೆಲೇ ಝಣಝಣ. ಮತ್ತೆ ನಿಶ್ಶಬ್ದ. ಮನೆಯಾಕೆ ಹೋಗಿ ನೋಡಿದರೆ ಹನ್ನೊಂದು ಕುರಿಗಳೂ ಮೂಲೆಯಲ್ಲಿ ಒತ್ತೊತ್ತಾಗಿ, ಕಲ್ಲುಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದವು. ಮೈಮೇಲೆ ಒಂದು ಗೀರೂ ಇಲ್ಲ.

ಹೋದ ವಾರ ಒಂದು ಕುರಿ ದಿನ ತುಂಬದೆಯೇ ಕಂದು ಹಾಕಿತ್ತು. ಇನ್ನೂ ಮೂರು ಗಬ್ಬದವಿದ್ದವು. ಆಕೆಗೆ ಅವುಗಳದೇ ಭಯ.

"ಏನೋ ಗಾಳಿ ಸೋಕಿದೆ ರೀ."

"ಬಿಸಿಲಿಗೆ ಹಾಗೆ ನಿಂತಿರ್ತವೆ, ಬಿಡೇ," ಎಂದು ಗಂಡ ಮಗ್ಗುಲು ಬದಲಿಸಿದ.

ಮಾರನೇ ದಿನ ಮನೆಯಾಕೆ ಹೇಳಿಕಳಿಸಿದ ದನದ ಡಾಕ್ಟರಮ್ಮ ಬಂದು ಕುರಿಗಳನ್ನೆಲ್ಲ ಮುಟ್ಟಿ ನೋಡಿದರು.

"ರೋಗ ಕಾಣ್ತಿಲ್ಲ. ನಿಮ್ಮ ನಾಯಿ ಎಲ್ಲಿ?"

"ಮೋಟನಾ? ಎಂಟು ತಿಂಗಳ ಮರಿ, ಪಾಪದ್ದು," ಗಂಡ ನಕ್ಕ. "ಇರುವೆ ಕಂಡ್ರೂ ದಾರಿ ಬಿಡುತ್ತೆ. ಕಚ್ಚೋದೇ ಗೊತ್ತಿಲ್ಲ."

"ಕಚ್ಚಬೇಕಾಗಿಲ್ಲ. ದಿನದ ಹಾಗೇ ಬಿಡಿ. ಕಿಟಕಿ ಹತ್ರ ಸುಮ್ಮನೆ ಕೂರೋಣ."

ಗಂಟೆಗಳು ನಿಂತವು. ಮೋಟ ಹುಲ್ಲಿನಲ್ಲಿ ಗದ್ದ ಊರಿ ಮಲಗಿತ್ತು. ಬೊಗಳಲಿಲ್ಲ, ರೆಪ್ಪೆ ಮಿಟುಕಿಸಲಿಲ್ಲ. ಕುರಿಗಳು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದವು. ಬೆಳಿಗ್ಗೆ ಹಾಲಿಗಾಗಿ ತನ್ನ ಮುಖ ನೋಡುವ ಕಣ್ಣು ಇವೇನಾ ಎಂದು ಮನೆಯಾಕೆ ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದಳು. ಆಮೇಲೆ ಅದು ಸದ್ದಿಲ್ಲದೆ ನುಗ್ಗಿತು.

ಗಂಡ ಕೂಗುತ್ತ ಓಡಿದ. ಮೋಟ ಇನ್ನೂ ಜೋರಾಗಿ ಓಡಿತು.

"ನಿಲ್ಲಿ ಯಜಮಾನ್ರೇ! ಆಟಕ್ಕೆ ಜೊತೆ ಸಿಕ್ತು ಅಂದ್ಕೊಳ್ಳುತ್ತೆ!" ಡಾಕ್ಟರಮ್ಮ ಹಿಂದೆಯೇ ಬಂದು ಕುಕ್ಕರಗಾಲಲ್ಲಿ ಕೂತು, ಚೀಲದಿಂದ ಬೇಯಿಸಿದ ಮೊಟ್ಟೆಯ ಚೂರು ತೆಗೆದು ಹಿಡಿದು ಮೆಲ್ಲಗೆ ಕರೆದರು. ನಾಯಿ ಬಂತು. ಗಂಡ ಕೋಲೆತ್ತಿದ.

"ಬಂದಾಗ ಹೊಡೆದ್ರೆ ಬರೋದನ್ನೇ ಬಿಡುತ್ತೆ. ಬೆನ್ನಟ್ಟೋದನ್ನ ಕಲಿಸಿದ್ದು ಯಾರು?"

ಅವನ ಕೋಲು ಕೆಳಗಿಳಿಯಿತು. "ನಾನೇ. ದೊಡ್ಡಿಗೆ ಸೇರ್ಸೋಕೆ ಛೂ ಅಂತಿದ್ದೆ. ನನ್ನ ಕಾಲಿಗೆ ಆರಾಮಾಗ್ತಿತ್ತು."

"ಚಪ್ಪಾಳೆ ಬೇರೆ ತಟ್ತಿದ್ರಿ," ಎಂದಳು ಹೆಂಡತಿ. "ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತು."

"ಹೀಗೆ ಬೆನ್ನಟ್ಟಿದ ಭಯಕ್ಕೇ ಗಬ್ಬದ ಕುರಿ ಕಂದು ಹಾಕಬಹುದು," ಎಂದರು ಡಾಕ್ಟರಮ್ಮ. "ಇದನ್ನ ಕುರಿಗಳ ಹತ್ರ ಒಂಟಿಯಾಗಿ ಬಿಡಲೇಬೇಡಿ. ಉದ್ದ ಹಗ್ಗ ಕಟ್ಟಿ ಗೋಡೆಯಾಚೆ ದಿನಾ ನಡೆಸಿ. ಕುರಿ ಬಿಟ್ಟು ನಿಮ್ಮ ಕಡೆ ತಿರುಗಿದ ತಕ್ಷಣ ಒಂದು ಚೂರು ತಿನ್ನಿಸಿ. ದಿಟ್ಟಿಸೋಕೆ ಶುರು ಮಾಡಿದ್ರೆ ದೂರ ಕರ್ಕೊಂಡು ಹೋಗಿ. ತಿಂಗಳುಗಟ್ಟಲೆ ಹಿಡಿಯುತ್ತೆ, ಬೇಜಾರಾಗಬೇಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?"

ಹಗ್ಗ ಹಿಡಿದವನು ಗಂಡನೇ. ಮೂರು ಕುರಿಗಳೂ ಸುಸೂತ್ರವಾಗಿ ಮರಿ ಹಾಕಿದವು.

ಈಗ ಮಧ್ಯಾಹ್ನ ಗಂಟೆಗಳು ಬಿಡಿಬಿಡಿಯಾಗಿ ಕೇಳುತ್ತವೆ. ಒಮ್ಮೊಮ್ಮೆ ಎಲ್ಲವೂ ಒಟ್ಟಿಗೆ ನಿಂತರೆ ಮಾತ್ರ ಮನೆಯಾಕೆಯ ಕೈ ಮೋಟನ ಹಗ್ಗವನ್ನು ತಡವುತ್ತದೆ. ಮೋಟ ಅವಳ ಕಾಲ ಬಳಿಯೇ ನಿದ್ದೆಯಲ್ಲಿರುತ್ತದೆ. ನಿದ್ದೆಯಲ್ಲೂ ಅದರ ನಾಲ್ಕು ಕಾಲು ಓಡುತ್ತಿರುತ್ತವೆ. ಅವಳು ಹಗ್ಗ ಬಿಚ್ಚುವುದಿಲ್ಲ.

ಕುರಿ ಸಾಕಿರುವ ಅಕ್ಕ, ಅಣ್ಣ, ನಿಮ್ಮ ನಾಯಿಮರಿಯೂ ಪಾಪದ್ದೇ ಇರಬಹುದು. ಈಗ, ಈ ಹೊತ್ತಿನಲ್ಲಿ, ಅದು ಎಲ್ಲಿದೆ? ಈ ಹಾಳೆ ಕೆಳಗಿಟ್ಟು ಎದ್ದು ನೋಡಿ.