ಮಂಗಲಕ್ಕೆ ಮೂರು ಸಂಧಿ

ಇರುವೆಯೊಂದು ಏಳನೇ ಪದ್ಯದ ಮೂರನೇ ಸಾಲಿಗೆ ಹತ್ತಿ, ಒಂದಕ್ಷರದ ಕೊಂಬಿನ ಹತ್ತಿರ ನಿಂತು, ಮೀಸೆಯಾಡಿಸಿ ಅಂಚಿಗಿಳಿಯಿತು, ಊದಿಬಿಡೋಣವೆಂದರೆ ರಕ್ಷಾಳ ಬಾಯಿಗೆ ಬಿಡುವಿಲ್ಲ, ಬಾಯಿ ಓದುತ್ತಿದೆ, ಆರು ಸಾಲು, ಒಂದು ಉಸಿರು, ಮತ್ತೆ ಆರು ಸಾಲು — ಶ್ರಾವಣದ ಮೊದಲ ಸೋಮವಾರದಿಂದ ಹೀಗೇ, ಪಾಠ ಮುಗಿಸಿ ಸ್ಕೂಲಿನಿಂದ ಬಂದು ಮುಖ ತೊಳೆದು ವಿಭೂತಿಯಿಟ್ಟು ಐದೂವರೆಗೆ ಕೂತರೆ ಬಾಯಿ ಪುರಾಣದ ಹಾದಿ ಹಿಡಿಯುತ್ತದೆ, ಮನಸ್ಸು ತನ್ನ ಹಾದಿ, ಎದುರಿಗೆ ಗೋಡೆಗೊರಗಿ ಅತ್ತೆ ಶಿವಗಂಗಮ್ಮ, ಕಣ್ಣು ಹೋಗಿ ನಾಲ್ಕು ವರ್ಷ, ಆದರೂ ಪುರಾಣ ಕೇಳುವಾಗ ಆ ಕಾಣದ ಕಣ್ಣನ್ನೂ ಮುಚ್ಚಿಕೊಳ್ಳುತ್ತಾರೆ, ಯಾಕೋ. ಇನ್ನು ಮೂರು ಸಂಧಿ. ಮೂರು ಸಂಧಿ ಓದಿದರೆ ಮಂಗಲ, ಮಂಗಲದ ಮಾರನೇ ದಿನ ಡೈವೋರ್ಸ್ ಅರ್ಜಿ ಹಾಕೋಣ ಎಂದು ಲಾಯರ್ ಸಂಘಮಿತ್ರಾಗೆ ಮಾತು ಕೊಟ್ಟಾಗಿದೆ, ಇದು ಎಷ್ಟನೇ ಮಾತು ಎಂದು ಅವಳೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಮೊದಲು, ಮಾವನ ವರ್ಷದ ಸ್ಮರಣೆ ಕಳೀಲಿ ಅಂದಿದ್ದಳು. ಆಮೇಲೆ ಆಷಾಢ. ಒಳ್ಳೇ ಕೆಲಸಕ್ಕೆ ಆಷಾಢ ಬೇಡ ಅಂತಾರೆ ಮೇಡಂ, ಇದಕ್ಕೆ ಅದೇ ಸರಿಯಲ್ವಾ ಎಂದು ಬಿನ್ನಿಪೇಟೆಯ ಆ ಸಣ್ಣ ಆಫೀಸಿನಲ್ಲಿ ಸಂಘಮಿತ್ರಾ ನಕ್ಕಿದ್ದಳು, ನಕ್ಕವಳೇ ಫೈಲು ತೆರೆದು, ನೋಡಿ, ನಿಮ್ಮವರು ಸೈನ್ ಮಾಡಿ ಕೊಟ್ಟಾಯ್ತು, ಬೇರೆ ಇದ್ದು ಹದಿನೈದು ತಿಂಗಳಾಯ್ತು, ಕೋರ್ಟಲ್ಲಿ ಹೇಗೂ ಆರು ತಿಂಗಳು ಕಾಯಿಸ್ತಾರೆ, ಇಲ್ಲೂ ಯಾಕೆ ಕಾಯ್ತೀರ, ಯಾವತ್ತು ಹಾಕೋಣ ಹೇಳಿ. ಯಾವತ್ತು. ಶ್ರಾವಣ ಬಂತು, ಪುರಾಣ ಹಚ್ಚಿದ್ದೀವಿ, ಹಚ್ಚಿದ ಪುರಾಣ ನಡುವೆ ನಿಲ್ಲಿಸಬಾರದು ಅಂದಳು, ಗೌರಿ ಹೋದಳು, ಗಣಪ ಮುಳುಗಿದ, ಕ್ಯಾಲೆಂಡರಿನಲ್ಲಿ ಮದುವೆಗೆ, ಗೃಹಪ್ರವೇಶಕ್ಕೆ, ಕಿವಿ ಚುಚ್ಚುವುದಕ್ಕೂ ದಿನ ಬರೆದಿದ್ದಾರೆ, ಇದಕ್ಕೆ ಮಾತ್ರ ಯಾರೂ ಬರೆದಿಲ್ಲ.

ಬಾಯಿ ಎಂಟನೇ ಪದ್ಯಕ್ಕೆ ಬಂತು, ಶರಣೆ ಮನೆಯ ಹೊಸ್ತಿಲಲ್ಲಿ ನಿಂತಿದ್ದಾಳೆ, ನಿಲ್ಲಲಿ — ಜಗಳವಾದರೂ ಆಗಿದ್ದರೆ, ಒಂದು ತಟ್ಟೆಯಾದರೂ ಒಡೆದಿದ್ದರೆ ಆ ದಿನವನ್ನೇ ಹಿಡಿದುಕೊಳ್ಳಬಹುದಿತ್ತು, ಗಂಡ ಕಿರಣ ಶರ್ಟು ಮಡಿಸುತ್ತಾ ಹೇಳಿದ, ನಾನು ಕೆಂಗೇರೀಲಿ ರಾಗಿಣಿ ಜೊತೆ ಇರ್ತೀನಿ, ನಿಂಗೆ ಗೊತ್ತೇ ಇದೆಯಲ್ಲ, ಗೊತ್ತಿತ್ತು, ಅವಳು ಉಳಿದ ಶರ್ಟುಗಳನ್ನು ಮಡಿಸಿಕೊಟ್ಟಳು, ಅದೇಕೆ ಮಡಿಸಿಕೊಟ್ಟೆ ಎಂದು ಇವತ್ತಿಗೂ ತಿಳಿಯದು. ಅವ್ವಂಗೆ ಮಾತ್ರ ಹೇಳ್ಬೇಡ ಕಣೇ, ತಡ್ಕೊಳಲ್ಲ, ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಆಯ್ತು ಅಂತೀನಿ. ಅಂದ. ಭಾನುವಾರ ಭಾನುವಾರ ಕೆಂಗೇರಿಯಿಂದ ಮೆಟ್ರೋ ಹತ್ತಿ ಹುಬ್ಬಳ್ಳಿಯಿಂದ ಬರುತ್ತಾನೆ, ಅವ್ವನ ಕಾಲೊತ್ತುತ್ತಾನೆ, ಅಲ್ಲಿ ಭಾರಿ ಸೆಕೆ ಅವ್ವ ಅನ್ನುತ್ತಾನೆ, ಬಡಿಸಿದರೆ ಸಾಕು ಸಾಕು ಅನ್ನುತ್ತಾನೆ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ಹಾಗೆ. ಕೋಪವೂ ಈಗ ದಣಿದಿದೆ. ಮಕ್ಕಳಿಲ್ಲ, ಹೆಗ್ಗನಹಳ್ಳಿಯಲ್ಲಿ ಸ್ಕೂಲಿನ ಹತ್ತಿರ ಒಂದು ಪುಟ್ಟ ಮನೆ ನೋಡಿಟ್ಟಾಗಿದೆ, ತಡೆಯುವವರು ಯಾರು, ಇವರೇ, ಗೋಡೆಗೊರಗಿ ಕೂತಿರುವ ಇವರೇ. ಬಿಡಬೇಕಾದ್ದು ಗಂಡನನ್ನು, ಅದೇ ಒಂದು ಸಹಿ ಅತ್ತೆಯನ್ನೂ ಬಿಡಿಸಿಬಿಡುತ್ತದೆ, ಇದನ್ನು ಯಾವ ಲಾಯರಿಗೆ ಹೇಳುವುದು. ಬೆಳಗ್ಗೆ ಇವರ ಲಿಂಗಪೂಜೆಗೆ ಪತ್ರೆ ಆರಿಸಿಡುವವರು ಯಾರು, ಕಾಫಿ ಲೋಟದ ಕಂಠಕ್ಕೆ ಬೆರಳು ಮುಟ್ಟಿಸಿ ಇಲ್ಲಿದೆ ಅತ್ತೆ ಅನ್ನುವವರು ಯಾರು, ರಾಗಿಣಿಯೇ?

ಒಂಬತ್ತು, ಹತ್ತು. ಈಗ ಹಾರಿಸಬೇಕು. ಹತ್ತು ದಿನದಿಂದ ಅವಳು ಪದ್ಯ ಹಾರಿಸುತ್ತಿದ್ದಾಳೆ, ಮೊದಲ ದಿನ ತಲೆನೋವು, ಎರಡು ಪದ್ಯ ಬಿಟ್ಟು ಓದಿದಳು, ದೀಪ ಆರಲಿಲ್ಲ, ಅತ್ತೆ ತಲೆದೂಗುತ್ತಲೇ ಇದ್ದರು, ಮರುದಿನ ನಾಲ್ಕು, ಮೊನ್ನೆ ಮಂಗಳವಾರ ಒಂಬತ್ತು, ಒಂದು ಸಂಧಿಯ ಹೊತ್ತಿನಲ್ಲಿ ಎರಡು ಸಂಧಿ, ಬೇಗ ಮುಗಿದರೆ ಸಾಕು ಅನ್ನಿಸುತ್ತದೆ, ಮುಗಿಯುತ್ತಾ ಬಂದರೆ ಮುಗಿಯದಿರಲಿ ಅನ್ನಿಸುತ್ತದೆ, ಆಗ ನಿಧಾನ ಓದುತ್ತಾಳೆ, ಇದೇನು ಓದೋ, ದೇವರಿಗೂ ಗೋಜಲು. ಹನ್ನೊಂದು ಮುಗಿಸಿದಳು. ಉಸಿರು ತೆಗೆದುಕೊಂಡಳು. ಹದಿನೇಳಕ್ಕೆ ಹಾರಿದಳು.

ಐದು ಪದ ನುಂಗಿದಿ.

ಅತ್ತೆಯ ದನಿ, ಮೆಲ್ಲಗೆ, ಉಪ್ಪು ಕಡಿಮೆಯಾಗಿದೆ ಅನ್ನುವ ಹಾಗೆ. ಪುಟ ಅಂಟಿಕೊಂಡಿತ್ತು ಅತ್ತೆ ಅಂದಳು, ಸುಳ್ಳು ಎಷ್ಟು ಸಲೀಸಾಗಿ ಬಂತು. ಅಂಟಿದ್ದು ಪುಟ ಅಲ್ಲವ್ವ, ನೀನು. ಮಂಗಳವಾರ ಒಂಬತ್ತು ನುಂಗಿದಿ, ನಾ ಎಣಸಾಕತ್ತೀನಿ, ನಮ್ಮಪ್ಪನ ತೊಡಿಮ್ಯಾಲ ಕುಂತು ಕೇಳಿದ ಪುರಾಣ ಇದು, ನನ್ನ ಮುಂದ ಹಾರಸ್ತೀಯೇನ? ಬೀದಿಯಲ್ಲಿ ಯಾರದೋ ಸ್ಕೂಟರು ಶುರುವಾಗದೆ ಕೆಮ್ಮುತ್ತಿದೆ, ಅದು ಶುರುವಾಗಲಿ — ಕಿರಣ ಹುಬ್ಬಳ್ಳಿಯಾಗ ಇಲ್ಲ ಅಂತ ನಂಗ ಯುಗಾದಿಯಿಂದ ಗೊತ್ತೈತಿ, ಹುಬ್ಬಳ್ಳಿಯಿಂದ ಬರಾವ ಒಂದಿನಾನೂ ಧಾರವಾಡ ಪೇಡೆ ತರಲಿಲ್ಲ ಅಂದ್ರ, ನಂಬಾಕ ನಾ ಏನು ಕೂಸ? ರಕ್ಷಾ ಬೆರಳನ್ನು ಹದಿನೇಳನೇ ಪದ್ಯದ ಮೇಲೆ ಒತ್ತಿ ಹಿಡಿದಳು. ನೀನಾಗೇ ಹೇಳ್ತಿ ಅಂತ ಕುಂತೆ, ನೀ ಪದ ನುಂಗಕೋಂತ ಕುಂತಿ. ತಮ್ಮ ದುಂಡಪ್ಪಗ ಹೇಳೀನಿ, ದೀಪಾವಳಿಗೆ ಬಂದು ರಾಣೆಬೆನ್ನೂರಿಗೆ ಕರಕೊಂಡು ಹೋಗ್ತಾನ. ಅವ ಫೋನಿನಾಗ ಕೆಂಗೇರಿ ಮನಿ ಮಾತಾಡೂದು ಕೇಳೀನಿ, ನಾ ಅಲ್ಲಿಗೆ ಹೋಗಾಕಿ ಅಲ್ಲ. ನೀ ನಂಗಾಗಿ ಕುಂದರಬ್ಯಾಡ. ಮತ್ತೆ ಪುರಾಣ ಅತ್ತೆ, ಮೂರೇ ಸಂಧಿ, ಮಂಗಲ ಆಗದೆ ನಿಲ್ಲಿಸಿದರೆ — ಉಳಿದದ್ದು ನನ್ನ ಬಾಯಾಗ ಐತಿ, ನಾ ಹೇಳ್ಕೋತೀನಿ, ನಿನ್ನ ರಾಗ ಏನು ಅಂಥಾ ಚಂದಿಲ್ಲ ಬಿಡು.

ಹಾಗೆಂದು ಕೈ ಚಾಚಿದರು, ಗಾಳಿಯಲ್ಲಿ ಒಮ್ಮೆ ತಡವರಿಸಿ ಪುಸ್ತಕ ಹುಡುಕಿದರು, ಹದಿನೇಳನೇ ಪದ್ಯದ ಮೇಲಿದ್ದ ರಕ್ಷಾಳ ಬೆರಳು ಸಿಕ್ಕಿತು, ಅದನ್ನು ಎತ್ತಿ ಪಕ್ಕಕ್ಕಿಟ್ಟರು, ಅಕ್ಕಿಯಿಂದ ಕಲ್ಲು ತೆಗೆದಿಟ್ಟ ಹಾಗೆ, ಪುಸ್ತಕ ಮುಚ್ಚಿದರು, ಮುಚ್ಚಿದ್ದರ ಮೇಲೆ ಅಂಗೈಯಿಟ್ಟರು. ನಾಳೆ ಶುಕ್ರವಾರ. ನಾಳೆಯೇ. ಹೆಡ್‌ಮಿಸ್‌ಗೆ ಅರ್ಧ ದಿನದ ರಜೆ ಕೇಳಬೇಕು, ಹತ್ತೂವರೆಗೆ ಬಿನ್ನಿಪೇಟೆ, ಸಹಿ, ಸಂಘಮಿತ್ರಾಗೆ ಈಗಲೇ ಮೆಸೇಜ್ ಹಾಕಿದಳು, ನಾಳೆ ಬರ್ತೀನಿ ಮೇಡಂ, ಇಷ್ಟೇ, ಹೋಯಿತು, ಎರಡು ಟಿಕ್ ನೀಲಿಯಾದವು, ಇಷ್ಟು ಸುಲಭವಿತ್ತೇ, ಹಾಗಾದರೆ ಇಷ್ಟು ದಿನ — ಅತ್ತೆಯ ಆ ಕೈ ಇನ್ನೂ ಪುಸ್ತಕದ ಮೇಲಿದೆ. ಹೆಗ್ಗನಹಳ್ಳಿ ಮನೆಯವರಿಗೂ ಹೇಳಬೇಕು, ಒಂದು ಚಾಪೆ, ಎರಡು ಪಾತ್ರೆ, ಆಮೇಲೆ — ಕೈ ಎತ್ತಿಲ್ಲ. ದೀಪಾವಳಿಯವರೆಗೆ ಇಲ್ಲೇ ಇರ್ತೀನಿ ಅತ್ತೆ ಅನ್ನಲೇ, ಅಂದರೆ ಬೈಯುತ್ತಾರೆ, ಬೈಯಲಿ — ಆ ಕೈ, ಉಗುರು ಬೆಳ್ಳಗಾಗುವಷ್ಟು ಒತ್ತಿಕೊಂಡು, ಮತ್ತೆ ತೆರೆದುಬಿಟ್ಟೀತು ಎಂಬಂತೆ ಒತ್ತಿಕೊಂಡು, ಮುಚ್ಚಿದ ಪುಸ್ತಕದ ಮೇಲೆ, ಆ ಕೈ.