ಮೇಲಿನ ಮಹಡಿ ಯಾರಿಗೆ

ಪ್ರವಾಸದಿಂದ ಬಂದ ಮರುದಿನವೇ ಅಬ್ದೋನ್ ಮನೆಯ ಯಾವುದಾದರೂ ಒಂದು ಮೂಲೆಯನ್ನು ಒಡೆಯದೆ ಬಿಡುತ್ತಿರಲಿಲ್ಲ. ಬೇರೆಯವರು ಊರಿಂದ ಬಂದರೆ ಬಟ್ಟೆ ಒಗೆಯುತ್ತಾರೆ, ಕಾಲು ಚಾಚಿ ಮಲಗುತ್ತಾರೆ. ಈ ಮನುಷ್ಯ ಬೂಟು ಬಿಚ್ಚುವ ಮೊದಲೇ ಗೋಡೆ ತಟ್ಟಿ ನೋಡುತ್ತಿದ್ದ. ಕೂಸ್ಕೋದಿಂದ ಬಂದಾಗ ಅಂಗಳದ ಹಳೇ ಕಲ್ಲುಚಪ್ಪಡಿ ಕಿತ್ತು ಟೈಲ್ಸ್ ಹಾಕಿಸಿದ. ತಿತಿಕಾಕಾ ಸರೋವರ ನೋಡಿ ಬಂದಾಗ ಅಡುಗೆಮನೆಗೆ ಹಸಿರು ಬಳಿದ. ಅದು ಸರೋವರದ ಬಣ್ಣವಂತೆ. ಆ ಅಡುಗೆಮನೆಯಲ್ಲಿ ನಿಂತವರ ಮುಖವೆಲ್ಲ ಹೊಟ್ಟೆ ಕೆಟ್ಟವರ ಮುಖದ ಹಾಗೆ ಕಾಣುತ್ತಿತ್ತು ಎಂಬುದು ಬೇರೆ ಮಾತು. ರೈಲ್ವೆ ವರ್ಕ್‌ಶಾಪಿನಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ಮೇಲೆ ಅವನ ಕೈ ಸುಮ್ಮನಿದ್ದುದನ್ನು ಅರೆಕಿಪಾ ಊರಿನಲ್ಲಿ ಯಾರೂ ನೋಡಿರಲಿಲ್ಲ.

ಅವನ ಹೆಂಡತಿ ಎಡೆಲ್ಮಿರಾ ಯಾವುದಕ್ಕೂ ಬೇಡ ಎನ್ನುತ್ತಿರಲಿಲ್ಲ, ಬೇಕು ಎಂದೂ ಅನ್ನುತ್ತಿರಲಿಲ್ಲ. ಪ್ರೈಮರಿ ಶಾಲೆಯ ಟೀಚರಾಗಿದ್ದವಳು. ಒಂದು ಕಾಲದಲ್ಲಿ ಅವಳು ಗದರಿದರೆ ಪಕ್ಕದ ಕ್ಲಾಸಿನ ಮಕ್ಕಳೂ ಬಾಯಿ ಮುಚ್ಚುತ್ತಿದ್ದವು. ಈಗ ಗದರುವುದಿರಲಿ, ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೂ ಕಾಲನ್ನು ಈಚೆಗೆಳೆದುಕೊಂಡು ಸುಮ್ಮನಾಗುತ್ತಿದ್ದಳು.

ಅವಳಿಗೆ ಏನಾಗಿತ್ತು? ಏನೂ ಆಗಿರಲಿಲ್ಲ. ಅದೇ ತಾನೇ ತೊಂದರೆ. ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಮಗಳು ಯೆನಿ ತಾಕ್ನಾದಲ್ಲಿ ಗಂಡ ಮಕ್ಕಳ ಜೊತೆ ಚೆನ್ನಾಗಿದ್ದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಟೀಚರ್, ನಿಮಗಿಂತ ನನಗೇ ಸಕ್ಕರೆ ಜಾಸ್ತಿ ಇದೆ" ಎಂದು ನಕ್ಕಿದ್ದರು. ಆದರೂ ಸುಮಾರು ವರ್ಷಗಳಿಂದ ಎಡೆಲ್ಮಿರಾಳಿಗೆ ಒಳಗೆ ಏನೂ ಆಗುತ್ತಿರಲಿಲ್ಲ. ನಿವೃತ್ತ ಟೀಚರುಗಳ ಸಂಘದವರು ಕೋಲ್ಕಾ ಕಣಿವೆಗೆ ಕರೆದುಕೊಂಡು ಹೋದಾಗ ದೊಡ್ಡ ಕಾಂಡೋರ್ ಹದ್ದು ತಲೆಯ ಮೇಲೆಯೇ ಹಾದುಹೋಯಿತು. ಬಸ್ಸಿನವರೆಲ್ಲ ಮಕ್ಕಳ ಹಾಗೆ ಕಿರುಚಿದರು, ಒಬ್ಬಾಕೆ ಅತ್ತೇಬಿಟ್ಟಳು. ಎಡೆಲ್ಮಿರಾ ಗಾಳಿಗೆ ಹಾರಿಹೋಗದಿರಲಿ ಎಂದು ಟೋಪಿ ಹಿಡಿದುಕೊಂಡು ನಿಂತಿದ್ದಳು. ಮೊಮ್ಮಕ್ಕಳು ಬಂದು ಕುತ್ತಿಗೆಗೆ ಜೋತುಬಿದ್ದರೂ ಅಷ್ಟೇ. ತಬ್ಬಿಕೊಳ್ಳುತ್ತಿದ್ದಳು, ಮುತ್ತು ಕೊಡುತ್ತಿದ್ದಳು, ತಿನ್ನಲು ಮಾಡಿಕೊಡುತ್ತಿದ್ದಳು. ಎಲ್ಲವನ್ನೂ ಕೈಕಾಲು ತಾವಾಗಿಯೇ ಮಾಡುತ್ತಿದ್ದವು.

ಹೀಗಿರುವಾಗ ಮನುಷ್ಯರು ಏನು ಮಾಡುತ್ತಾರೆ? ಹತ್ತಿರದಲ್ಲಿ ಯಾರು ಸಿಗುತ್ತಾರೋ ಅವರ ತಲೆಗೆ ತಪ್ಪು ಕಟ್ಟುತ್ತಾರೆ. ಎಡೆಲ್ಮಿರಾಳೂ ಕಟ್ಟಿದಳು. ಅಬ್ದೋನನ ಗೊರಕೆ, ಊಟವಾದ ಮೇಲೆ ಅವನು ಹಲ್ಲಿಗೆ ಹಾಕುವ ಕಡ್ಡಿ, ಬೆಳಗಿನಿಂದ ಸಂಜೆಯವರೆಗೆ ಪೈಪು, ಪುಟ್ಟಿ, ನಲ್ಲಿ ಎಂದು ಅವನು ತಲೆ ತಿನ್ನುವುದು, ಇದರಿಂದಲೇ ತಾನು ಮರಗಟ್ಟಿಹೋಗಿದ್ದೇನೆ ಎಂದು ತೀರ್ಮಾನಿಸಿದಳು. ಸಿಟ್ಟಿನಿಂದ ಅಲ್ಲ, ಸಿಟ್ಟು ಬರುತ್ತಿದ್ದರೆ ಇನ್ನೇನು ಬೇಕಿತ್ತು? ಲೆಕ್ಕ ಬಿಡಿಸಿದ ಹಾಗೆ ತಣ್ಣಗೆ ತೀರ್ಮಾನಿಸಿದಳು.

ಉಪಾಯ ಸಿಕ್ಕಿದ್ದು ದೊಡ್ಡಪ್ಪನ ಮಗಳು ಗ್ರಿಮಾನೆಸಾಳ ಮನೆಯಲ್ಲಿ. ಗ್ರಿಮಾನೆಸಾ ಗಂಡನನ್ನು ಬಿಟ್ಟಿರಲಿಲ್ಲ, ಜೊತೆಗೂ ಇರಲಿಲ್ಲ. ಅವನು ಕೆಳಗೆ, ಇವಳು ಮೇಲೆ. ಟೀವಿ ಸದ್ದು ಜಾಸ್ತಿಯಾದರೆ ಅವನು ಪೊರಕೆ ಕೋಲಿನಿಂದ ಸೂರು ಗುದ್ದುತ್ತಿದ್ದ, ಇವಳು ಹಿಮ್ಮಡಿಯಿಂದ ನೆಲ ಗುದ್ದಿ ಉತ್ತರ ಕೊಡುತ್ತಿದ್ದಳು. "ಕಟ್ಟಿಕೊಂಡ ಮೇಲೆ ಇಷ್ಟು ಸುಖವಾಗಿ ಯಾವತ್ತೂ ಸಂಸಾರ ಮಾಡಿರ್ಲಿಲ್ಲ ಕಣೇ" ಎಂದು ಗ್ರಿಮಾನೆಸಾ ನಕ್ಕಳು. ಎಡೆಲ್ಮಿರಾ ಆ ಮಾತನ್ನು ಮನೆಗೆ ಹೊತ್ತು ತಂದಳು. ಒಂದು ಕೋಣೆ, ಪುಟ್ಟ ಅಡುಗೆಮನೆ, ಮಿಸ್ತಿ ಪರ್ವತದ ಕಡೆಗೊಂದು ಕಿಟಕಿ. ಒಬ್ಬಳೇ ಕೂತು ಚಹಾ ಕುಡಿಯುವುದು. ಹಾಗೆ ಕೂತರೆ ಹಳೆಯದೆಲ್ಲ ಹಿಂದಕ್ಕೆ ಬರುತ್ತದೆ, ನಗು ಬರುತ್ತದೆ, ಬೇಕಾದರೆ ಅಳುವೂ ಬರುತ್ತದೆ ಎಂದು ಅವಳಿಗೆ ಖಾತ್ರಿಯಾಯಿತು.

ಮೊಯೆಂದೊದ ಸಮುದ್ರ ನೋಡಿ ಬಂದ ಮರುದಿನ ಅಬ್ದೋನ್ ಸುತ್ತಿಗೆ ಹಿಡಿದು ಒಡೆಯಲು ಏನಾದರೂ ಸಿಗುತ್ತದೆಯೇ ಎಂದು ಮನೆಯೆಲ್ಲ ಸುತ್ತುತ್ತಿದ್ದಾಗ ಅವಳು ಬಾಯಿಬಿಟ್ಟಳು.

"ಮೇಲೆ ಒಂದು ಮಹಡಿ ಕಟ್ಸೋಣ."

ಅಬ್ದೋನ್ ಅವಳನ್ನೇ ನೋಡಿದ. ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತೋ.

"ಕಟ್ಸೋಣ! ಅದಕ್ಕೇನಂತೆ, ನಾಳೇನೇ ಮೇಸ್ತ್ರೀನ ಕರೀತೀನಿ. ಯೆನಿ ಬಂದಾಗ ಮಕ್ಕಳಿಗೆ ಜಾಗ ಸಾಲ್ದೇ ಒದ್ದಾಡ್ತಾವೆ ಅಲ್ವಾ?"

ಎಡೆಲ್ಮಿರಾ ಮಾತಾಡಲಿಲ್ಲ. ಈ ಮನೆಯಲ್ಲಿ ಮಾತಾಡದಿದ್ದರೆ ಹೂಂ ಎಂದೇ ಅರ್ಥ. ಎಡವಟ್ಟು ಶುರುವಾಗಿದ್ದು ಅಲ್ಲಿ. ಮೇಸ್ತ್ರಿ ಬಂದಾಗ ಒಂದೇ ಮಂಚದ ಕೋಣೆ, ಪುಟ್ಟ ಅಡುಗೆಮನೆ, ಮಿಸ್ತಿ ಕಡೆಗೊಂದು ಕಿಟಕಿ ಎಂದಷ್ಟೇ ಹೇಳಿದಳು, ಯಾರಿಗೆ ಎಂದು ಹೇಳಲಿಲ್ಲ.

ಜುಲೈ ರಜೆಗೆ ಯೆನಿ ಸಂಸಾರ ಸಮೇತ ಬಂದಳು. ಅಷ್ಟರಲ್ಲಿ ಮೇಲೆ ಗೋಡೆ ಎದ್ದಿತ್ತು. ಅವಳು ಟೇಪು ಹಿಡಿದು ಕಿಟಕಿಯ ಅಳತೆ ತೆಗೆದದ್ದೇ ತೆಗೆದದ್ದು.

"ಅಮ್ಮಾ, ಇಲ್ಲಿಗೆ ನೀಲಿ ಪರದೆ. ಆ ಗೋಡೆಗೆ ಮಕ್ಕಳ ಮಂಚ. ಅಲ್ಲಮ್ಮಾ, ವರ್ಷಕ್ಕೆ ನಾಲ್ಕು ದಿನ ಬರೋ ನಮಗೆ ಅಡುಗೆಮನೆ ಬೇರೆ ಯಾಕೆ? ಅಪ್ಪನಿಗೆ ಹುಚ್ಚು, ನೀನಾದ್ರೂ ಹೇಳ್ಬಾರ್ದಾ?"

"ಇರ್ಲಿ ಬಿಡು" ಎಂದಳು ಎಡೆಲ್ಮಿರಾ.

ಮಗಳ ಕಣ್ಣಿನಲ್ಲಿ ಪರದೆ ಆಗಲೇ ತೂಗಾಡುತ್ತಿತ್ತು. ಹೇಳಿದರೆ ಮಗಳ ಮುಖ ಸಣ್ಣದಾಗುತ್ತದೆ. ಹೇಳದಿದ್ದರೆ ತನ್ನ ಕೋಣೆ ಕೈಬಿಟ್ಟು ಹೋಗುತ್ತದೆ. ತಾರಸಿ ಹಾಕುವ ದಿನ ಊರ ಪದ್ಧತಿಯಂತೆ ನೆಂಟರಿಷ್ಟರ ಎದುರು ಮದ್ಯದ ಬಾಟಲಿ ಒಡೆದು, ಮಹಡಿ ಇಂಥವರದು ಎಂದು ಯಜಮಾನ ಹೇಳಿಬಿಟ್ಟನೆಂದರೆ ಮುಗಿಯಿತು. ಆಮೇಲೆ ಅದನ್ನು ಬದಲಾಯಿಸಿದವರಿಗೆ ಆ ಬೀದಿಯಲ್ಲಿ ಮರ್ಯಾದೆ ಇಲ್ಲ. ಅಷ್ಟರೊಳಗೆ ಅಬ್ದೋನನಿಗೆ ಹೇಳಬೇಕು. ನಿನ್ನ ಜೊತೆ ಇರಲಾರೆ, ಮೇಲೆ ಹೋಗಿ ಒಬ್ಬಳೇ ಇರುತ್ತೇನೆ ಎನ್ನಬೇಕು. ಇಷ್ಟೇ ಮಾತು.

ಗೋಡೆ ಒಣಗುವ ಹೊತ್ತಿಗೆ ಸಂಘದ ಬಸ್ಸು ಮೊಕೇಗ್ವಾಗೆ ಹೊರಟಿತು. ಇವರೂ ಹೊರಟರು. ಮರುಭೂಮಿಯ ನಡುವೆ ಬಸ್ಸು ಓಡುತ್ತಿದ್ದಾಗ ಎಡೆಲ್ಮಿರಾ, ಈಗ ಹೇಳಿಯೇಬಿಡುತ್ತೇನೆ ಎಂದು ಗಂಡನ ಕಡೆ ತಿರುಗಿದಳು.

"ಅಬ್ದೋನ್, ಮೇಲಿನ ಮಹಡಿ..."

"ಅದನ್ನೇ ಕೇಳೋಣ ಅಂತಿದ್ದೆ! ಸಿಂಕು ಸ್ಟೀಲಿಂದೋ, ಕಲ್ಲಿಂದೋ?"

ಭಯವಾಗಿದ್ದರೆ ಧೈರ್ಯ ತಂದುಕೊಳ್ಳಬಹುದಿತ್ತು. ಅಯ್ಯೋ ಪಾಪ ಎನ್ನಿಸಿದ್ದರೆ ಮೆತ್ತಗೆ ಹೇಳಬಹುದಿತ್ತು. ಅವಳಿಗೆ ಎರಡೂ ಆಗಲಿಲ್ಲ. 

"ಸ್ಟೀಲಿಂದೇ ಇರ್ಲಿ" ಎಂದಳು.

ಅಬ್ದೋನ್ ಸ್ವಲ್ಪ ಹೊತ್ತು ಅವಳ ಮುಖ ನೋಡಿದ. ಆಮೇಲೆ ಊರು ಬರುವವರೆಗೂ ಅವನು ಪೈಪಿನ ಸುದ್ದಿ ಎತ್ತಲಿಲ್ಲ. ನಿದ್ದೆ ಬಂದಿರಬೇಕು ಎಂದುಕೊಂಡಳು.

ತಾರಸಿಯ ದಿನ ಬಂದೇ ಬಂತು. ಬೆಳಗಾಗುತ್ತಿದ್ದಂತೆ ಬೀದಿಯಲ್ಲಿ ಕಾಂಕ್ರೀಟು ಕಲಸುವ ಯಂತ್ರ ಗಡಗಡ ಎನ್ನತೊಡಗಿತು. ತಾರಸಿ ಹಾಕುವ ಮನೆಗೆ ನೆಂಟರು ಕೈಬೀಸಿಕೊಂಡು ಬರುವ ಹಾಗಿಲ್ಲ. ಬಂದವರು ಕಾಂಕ್ರೀಟಿನ ಡಬ್ಬ ಹೊರಬೇಕು, ಇಲ್ಲವೆ ಈರುಳ್ಳಿ ಹೆಚ್ಚಬೇಕು. ಯೆನಿಯ ಸಂಸಾರವೂ ತಾರಸಿಗೆಂದೇ ತಾಕ್ನಾದಿಂದ ಮತ್ತೆ ಬಂದಿತ್ತು; ಅವಳ ಗಂಡ ಅಂಗಿಯ ತೋಳು ಮಡಿಸಿ ಡಬ್ಬ ಹೊರುವ ಸಾಲಿಗೆ ಸೇರಿದ. ಅಂಗಳದ ದೊಡ್ಡ ಮಡಕೆಯಲ್ಲಿ ಹಂದಿಮಾಂಸದ ಅದೋಬೋ ಕುದಿಯುತ್ತಿತ್ತು. ಗ್ರಿಮಾನೆಸಾ ಕೆಂಪು ಲಂಗ ಉಟ್ಟು, ಕೂದಲು ಸೆಟ್ ಮಾಡಿಸಿಕೊಂಡು ಬಂದಿದ್ದಳು. ತಾರಸಿಗೆ ಧರ್ಮತಾಯಿಯಾಗಿ ಬಾಟಲಿ ಒಡೆಯುವುದಕ್ಕೆ ಅಬ್ದೋನ್ ಕರೆದಿದ್ದು ಅವಳನ್ನೇ.

"ನನ್ನನ್ನ ಯಾಕೆ ಕರೆದ್ನೋ ನಿನ್ನ ಗಂಡ" ಎಂದು ಅವಳು ಎಡೆಲ್ಮಿರಾಳ ಕಿವಿಯಲ್ಲಿ ಪಿಸುಗುಟ್ಟಿದಳು. "ಕಂಡ್ರೆ ಮೂಗು ಮುರೀತಿದ್ದ. ಏನಾದ್ರೂ ಕುಡಿದಿದ್ದಾನಾ?"

ಎಡೆಲ್ಮಿರಾ ಸೌಟು ಇಟ್ಟು ಏಣಿಯ ಬುಡಕ್ಕೆ ಹೋದಳು. ಅಬ್ದೋನ್ ಮೇಲಿನ ಮೆಟ್ಟಿಲಲ್ಲಿ ನಿಂತು ಡಬ್ಬಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ.

"ಇಳಿ ಸ್ವಲ್ಪ. ನಿನ್ನ ಹತ್ರ ಒಂದು ಮಾತಾಡ್ಬೇಕು."

"ಕಾಂಕ್ರೀಟು ಕಲಸಿಟ್ಟಾಗಿದೆ ಕಣೇ. ನೀನಾದ್ರೆ ಕಾಯ್ತೀಯ, ಅದು ಕಾಯಲ್ಲ."

"ಈಗ್ಲೇ ಹೇಳ್ಬೇಕು ಮಾರಾಯ."

"ಆಮೇಲೆ, ಮುದುಕಿ. ಆಮೇಲೆ ಹೇಳೋ ಅವಶ್ಯಕತೆ ಇದ್ರೆ ಹೇಳು."

ಏನು ಮಾತದು ಎಂದು ಅವಳು ಯೋಚಿಸುವಷ್ಟರಲ್ಲಿ ಮೇಸ್ತ್ರಿ ಪ್ರುದೆನ್ಸಿಯೊ, "ದಾರಿ ಬಿಡಿ ಟೀಚರಮ್ಮಾ, ತಲೆ ಮೇಲೆ ಬಿದ್ದೀತು!" ಎಂದು ಕೂಗಿದ. ಅವಳು ಮಡಕೆಯ ಹತ್ತಿರ ವಾಪಸು ಬಂದು ಸೌಟು ತೆಗೆದುಕೊಂಡಳು. ಆಯಿತು, ಹೋಯಿತು ಎಂದುಕೊಂಡಳು. ಆಗಲೂ ಹೊಟ್ಟೆಯಲ್ಲಿ ಏನೂ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಡಬ್ಬ ಮೇಲೆ ಹೋಯಿತು. ಮೇಸ್ತ್ರಿ ಕಾಂಕ್ರೀಟಿನ ಮೈ ತೀಡಿ ಸಮ ಮಾಡಿ ಇಳಿದ. ರಿಬ್ಬನ್ನು ಕಟ್ಟಿದ ಬಾಟಲಿಯನ್ನು ಮಹಡಿಯ ಅಂಚಿನಿಂದ ಇಳಿಬಿಟ್ಟಿದ್ದರು. ಎಲ್ಲರೂ ಬೀದಿಯಲ್ಲಿ ಗುಂಪುಗೂಡಿದರು. ಗ್ರಿಮಾನೆಸಾ ಸುತ್ತಿಗೆ ಬೀಸಿದಳು, ತಪ್ಪಿತು, "ಗಂಡ ಅಂದ್ಕೊಂಡು ಹೊಡಿ!" ಎಂದು ಯಾರೋ ಕೂಗಿದರು; ಎರಡನೆಯ ಏಟಿಗೆ ಬಾಟಲಿ ಚೂರಾಗಿ ನೊರೆ ಅವಳ ಕೆಂಪು ಲಂಗದ ಮೇಲೆಲ್ಲ ಹಾರಿತು. ಚಪ್ಪಾಳೆಯೋ ಚಪ್ಪಾಳೆ. ಅಬ್ದೋನ್ ಟೋಪಿ ತೆಗೆದ. ಮೀಸೆಯ ತುಂಬ ಸಿಮೆಂಟು. ಯೆನಿ ಮಕ್ಕಳನ್ನು ಮುಂದಕ್ಕೆ ತಳ್ಳಿ ನಿಲ್ಲಿಸಿಕೊಂಡಳು.

"ಎಲ್ಲರೂ ಬಂದ್ರಿ, ಬೆವರು ಸುರಿಸಿದ್ರಿ, ದೇವರು ಒಳ್ಳೇದು ಮಾಡ್ಲಿ" ಎಂದ ಅಬ್ದೋನ್. "ಮೆಟ್ಟಿಲು ಯಾಕೆ ಬೀದಿ ಕಡೆಯಿಂದ ಇಟ್ಟೆ ಅಂತ ಎಲ್ರೂ ನನ್ನ ತಲೆ ತಿಂದ್ರಲ್ಲ, ಕೇಳಿ ಈಗ. ಈ ಮಹಡಿ ಎಡೆಲ್ಮಿರಾಂದು. ಅವಳೊಬ್ಬಳದು. ಹತ್ತೋರು ಬಾಗಿಲು ತಟ್ಟಿ, ಅವಳನ್ನ ಕೇಳಿ ಹತ್ಬೇಕು. ಮಗಳಾದ್ರೂ ಅಷ್ಟೇ. ನಾನಾದ್ರೂ ಅಷ್ಟೇ."

ಜನ ಗೊಳ್ಳೆಂದು ನಕ್ಕರು. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು. "ಹೊರಗೆ ಹಾಕಿದ್ಲಪ್ಪೋ ಇವನನ್ನ!" ಎಂದು ಯಾರೋ ಶಿಳ್ಳೆ ಹೊಡೆದರು. ಯೆನಿ ಮಾತ್ರ, "ಅಪ್ಪಾ, ಇದೇನಿದು?" ಎಂದು ತನ್ನ ಗಂಡನ ಮುಖ ನೋಡಿದಳು. ಗ್ರಿಮಾನೆಸಾ ನಗಲಿಲ್ಲ. ಆಮೇಲೆ ಜೋಳದ ಹೆಂಡ ಚಿಚಾದ ಲೋಟಗಳು ಬಂದವು, ಹಾಡು ಹಾಕಿದರು, ಜನ ಮಡಕೆಯ ಸುತ್ತ ಮುತ್ತಿಕೊಂಡರು. ಎಡೆಲ್ಮಿರಾ ಯಾರ ಜೊತೆಗೂ ಮಾತಾಡದೆ ಬೀದಿ ಕಡೆಯ ಮೆಟ್ಟಿಲು ಹತ್ತಿದಳು.

ಒಳಗೆ ಹಸಿ ತಾರಸಿಗೆ ಆಸರೆ ಕೊಟ್ಟ ಸೆಂಟ್ರಿಂಗ್ ಕಂಬಗಳು ಒತ್ತೊತ್ತಾಗಿ ನಿಂತಿದ್ದವು. ಹಲಗೆಗಳ ಸಂದಿನಿಂದ ಬೂದು ನೀರು ತೊಟ್ಟಿಕ್ಕುತ್ತಿತ್ತು. ಅವಳು ಕಂಬಗಳ ನಡುವೆ ನುಸುಳಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತಳು. ಮಿಸ್ತಿ ಪರ್ವತ ಅವಳು ಅಂದುಕೊಂಡ ಜಾಗದಲ್ಲೇ ಇತ್ತು, ತಲೆಯ ಮೇಲೆ ಒಂದಿಷ್ಟು ಹಿಮ. ಸಿಂಕು ಇಡುವ ಜಾಗ, ಮಂಚದ ಜಾಗ, ಎಲ್ಲ ಕೇಳಿದ ಹಾಗೆಯೇ. ಯಾರಿಗೆಂದು ಬಾಯಿ ಬಿಡದೆಯೇ ಎಲ್ಲ ಸಿಕ್ಕಿತ್ತು. ಸಂತೋಷ ಬರುತ್ತದೆ ಎಂದು ಅವಳು ಕಾದಳು. ಪರ್ವತ ನೋಡಿದಳು, ಗೋಡೆ ಮುಟ್ಟಿದಳು, ಮತ್ತೆ ಕಾದಳು.

ಕೆಳಗಿನಿಂದ ಅಬ್ದೋನ್ ಕೂಗಿದ. "ಬರ್ಲಾ?"

"ಬಾ."

ಅವನು ಏದುಸಿರು ಬಿಡುತ್ತ ಹತ್ತಿ ಬಂದು ಕವುಚಿಟ್ಟ ಡಬ್ಬದ ಮೇಲೆ ಕೂತ.

"ಹೇಗೆ ಗೊತ್ತಾಯ್ತು ನಿಂಗೆ?" ಎಂದಳು.

"ಗೊತ್ತಾಗ್ದೇ ಏನು? ಒಂದೇ ಮಂಚದ ಕೋಣೆ, ಅಡುಗೆಮನೆ ಬೇರೆ. ಇಷ್ಟು ವರ್ಷ ಬಾಳ್ವೆ ಮಾಡಿದ್ದೀನಿ, ಅಷ್ಟೂ ತಿಳಿಯದ ಕತ್ತೇನಾ ನಾನು?" ಅವನು ಮೀಸೆಯ ಸಿಮೆಂಟು ಒರೆಸಿಕೊಂಡ. "ಮೊದಲು ಊರೂರು ತೋರ್ಸೋಕೆ ಬಸ್ ಹತ್ತಿಸ್ದೆ. ಬಂದ್ಮೇಲೆ ಬಣ್ಣ ಬಳ್ದೆ, ಟೈಲ್ಸ್ ಹಾಕ್ಸ್ದೆ. ಏನು ಮಾಡಿದ್ರೂ ನಿನ್ನ ಮುಖ ಗೆಲುವಾಗ್ಲಿಲ್ಲ. ಇನ್ನು ಉಳಿದಿದ್ದು ನಾನೊಬ್ಬನೇ. ಅದಕ್ಕೇ ನನ್ನನ್ನೇ ಪಕ್ಕಕ್ಕಿಟ್ಟೆ. ಈಗ ಸಂತೋಷವಾ?"

ಅವಳು ಸುಳ್ಳು ಹೇಳಬಹುದಿತ್ತು. ಹೂಂ ಎಂದಿದ್ದರೆ ಸಾಕಿತ್ತು, ಅವನು ಎದ್ದು ಊಟಕ್ಕೆ ಹೋಗುತ್ತಿದ್ದ.

"ಇಲ್ಲ" ಎಂದಳು.

"ಬೇಜಾರಾ?"

"ಅದೂ ಇಲ್ಲ. ಏನೂ ಆಗ್ತಿಲ್ಲ ಅಬ್ದೋನ್. ಹದ್ದು ನೋಡಿದ್ರೂ ಇಲ್ಲ, ಮೊಮ್ಮಕ್ಕಳು ಬಂದ್ರೂ ಇಲ್ಲ. ನಿನ್ನಿಂದ ಹೀಗಾಗಿದೆ, ನೀನು ಹತ್ರ ಇಲ್ದಿದ್ರೆ ಸರಿ ಹೋಗುತ್ತೆ ಅಂದ್ಕೊಂಡಿದ್ದೆ. ಈಗ ಒಬ್ಬಳೇ ನಿಂತು ನೋಡ್ದೆ. ಹಾಗೇ ಇದೆ."

ಅಬ್ದೋನ್ ತಲೆಯೆತ್ತಿದ. "ಅಂದ್ರೆ... ನನ್ನಿಂದ ಅಲ್ವಾ?"

"ಅಲ್ಲ."

"ನಿಜ ಹೇಳು."

"ನಿಜ. ನಿನ್ನಿಂದ ಅಲ್ಲ."

ಅವನು ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು, ಭುಜ ಕುಲುಕುತ್ತ, ಬಿಕ್ಕಿ ಬಿಕ್ಕಿ ಅತ್ತ. ಎಷ್ಟು ವರ್ಷಗಳಿಂದ ತುಂಬಿಟ್ಟುಕೊಂಡಿದ್ದನೋ. ಕೆಳಗೆ ಹಾಡು ಬದಲಾಗಿತ್ತು, ಅದೋಬೋ ಆರಿಹೋಗುತ್ತೆ ಬನ್ನಿ ಎಂದು ಯೆನಿ ಕರೆಯುತ್ತಿದ್ದಳು. ಎಡೆಲ್ಮಿರಾ ಕಿಟಕಿಗೆ ಬೆನ್ನು ಕೊಟ್ಟು ಗಂಡನನ್ನು ನೋಡುತ್ತ ನಿಂತಳು. ಇವನಿಗೆ ಅಳು ಬರುತ್ತದಲ್ಲ ಎಂದು ಸುಮಾರು ವರ್ಷಗಳ ಮೇಲೆ ಅವಳಿಗೆ ಹೊಟ್ಟೆ ಉರಿಯಿತು.